ಇಮ್ರಾನ್‌ನ ದೇಶ ಯಾವುದು?

ಕನ್ನಡದವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಹೇಗೋ, ಉರ್ದು ಓದುವ ಮನೆಗಳಿಗೆ ಇಬ್ನೆ ಸಫಿಯವರ ಅಲಿ ಇಮ್ರಾನ್ ಹಾಗೆ. 1955ರಲ್ಲಿ ‘ಖೌಫ್‌ನಾಕ್ ಇಮಾರತ್’ ಕಾದಂಬರಿಯಿಂದ ಶುರುವಾದ ಸರಣಿ ಇದು. ಸಫಿ ಬದುಕಿದ್ದಾಗಲೇ ಬೇರೆಯವರೂ ಇಮ್ರಾನನನ್ನು ಬರೆಯತೊಡಗಿದರು. 1980ರಲ್ಲಿ ಅವರು ತೀರಿಕೊಂಡ ಮೇಲೆ ಹೊಸದಾಗಿ ಸಿಗುತ್ತಿದ್ದದ್ದು ಅಂಥವೇ. ಅದರಲ್ಲಿ ಹೆಚ್ಚು ಓದಿಸಿಕೊಂಡವರು ಮುಲ್ತಾನಿನ ಮಜ್‌ಹರ್ ಕಲೀಮ್. ಮೊಬೈಲಿನಲ್ಲಿ ಪಿಡಿಎಫ್ ಓದುವ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರಿಗೆ ಇಮ್ರಾನ್ ಅಂದರೆ ಕಲೀಮ್ ಸಾಹೇಬರ ಇಮ್ರಾನೇ. ನನ್ನ ತಕರಾರು ಇರೋದು ಅಲ್ಲೇ.

ಸಫಿಯ ಇಮ್ರಾನ್ ನೋಡಿ. ತಂದೆ ರಹಮಾನ್ ಸಾಹೇಬರು ಗುಪ್ತಚರ ಇಲಾಖೆಯ ದೊಡ್ಡ ಅಧಿಕಾರಿ, ಮಗ ಮನೆಯಿಂದ ಹೊರಬಿದ್ದವನು. ಅಡುಗೆಯ ಸುಲೇಮಾನನ ಜೊತೆ ಸದಾ ಕಿತ್ತಾಟ. ಎಲ್ಲರ ಕಣ್ಣಿಗೂ ಪೆದ್ದ. ಆ ಪೆದ್ದನೇ ಸೀಕ್ರೆಟ್ ಸರ್ವಿಸ್‌ನ ಮುಖ್ಯಸ್ಥ ಎಕ್ಸ್ ಟು ಅನ್ನೋದು ಕೈಕೆಳಗಿನ ಜೂಲಿಯಾಗೂ ಗೊತ್ತಿಲ್ಲ. ಪೆದ್ದುತನ ಅಲ್ಲಿ ಬರೀ ನಗಿಸೋಕೆ ಅಲ್ಲ, ಅದೇ ಪತ್ತೇದಾರಿ: ಪೆದ್ದನ ಮುಂದೆ ಜನ ಎಚ್ಚರ ತಪ್ಪಿ ಮಾತಾಡುತ್ತಾರೆ. ಕಲೀಮ್ ಅವರ ಪುಸ್ತಕಗಳಲ್ಲೂ ತಮಾಷೆ ಉಂಟು, ಆದರೆ ಅದು ಕಥೆಗೆ ಅಂಟೋದಿಲ್ಲ. ಸ್ವಲ್ಪ ಹೊತ್ತು ಹರಟೆ, ಆಮೇಲೆ ಮಿಷನ್: ಲ್ಯಾಬೊರೇಟರಿ, ಫಾರ್ಮುಲಾ, ಸ್ಫೋಟ. ಸುಳಿವು ಹುಡುಕುವ ಕೆಲಸ ಓದುಗನಿಗೆ ಉಳಿಯೋದೇ ಇಲ್ಲ. (ಸಫಿಯ ಇಮ್ರಾನ್ ಕೂಡ ಗುಂಡು ತಪ್ಪಿಸಿಕೊಳ್ಳುವ ವಿದ್ಯೆ ಬಲ್ಲವನೇ, ಒಪ್ಪುತ್ತೇನೆ.)

ಇಷ್ಟೇ ಆಗಿದ್ದರೆ ರುಚಿಯ ಮಾತು ಅಂತ ಸುಮ್ಮನಿರಬಹುದಿತ್ತು. ಕಲೀಮ್ ಅವರಲ್ಲಿ ಇಮ್ರಾನ್‌ನ ದೇಶಕ್ಕೆ ಹೆಸರು ಬಂತು: ಪಾಕೇಶಿಯಾ. ಪಕ್ಕದ ಶತ್ರು ದೇಶಕ್ಕೂ ಬಂತು: ಕಾಫಿರಿಸ್ತಾನ. ಅದು ಯಾವ ದೇಶ ಅಂತ ಬಿಡಿಸಿ ಹೇಳಬೇಕೇ? ಮುಂಬೈನಲ್ಲೋ ಹೈದರಾಬಾದಿನಲ್ಲೋ ಕೂತು ಓದುವ ಹುಡುಗ ತನ್ನ ಊರು, ತನ್ನ ಶಾಲೆ, ಅಪ್ಪ ಅಮ್ಮನ ಕಬರಸ್ತಾನ್ ಇರುವ ನೆಲವನ್ನು ಆ ಹೆಸರಿನಲ್ಲಿ ಓದಬೇಕು. ಓದಿ, ಅದು ಸೋತಾಗ ಚಪ್ಪಾಳೆಯನ್ನೂ ತಟ್ಟಬೇಕು. ಇತ್ತ, ನೀನು ಯಾರ ಕಡೆ ಅಂತ ಅವನನ್ನು ಕೇಳುವವರಿಗೂ ಬರವಿಲ್ಲ.

ಸಫಿ ಈ ಕಷ್ಟ ನಮಗೆ ಕೊಡಲಿಲ್ಲ. 1952ರಲ್ಲಿ ಅಲಹಾಬಾದಿನಲ್ಲಿ ‘ಜಾಸೂಸಿ ದುನಿಯಾ’ ಶುರುಮಾಡಿ ಅದೇ ವರ್ಷ ಕರಾಚಿಗೆ ಹೋದವರು ಅವರು. ಓದುಗರು ಎರಡೂ ಕಡೆ ಇದ್ದರು. ಇಮ್ರಾನ್‌ನ ದೇಶ ಹೆಚ್ಚಾಗಿ ಬರೀ ‘ನಮ್ಮ ದೇಶ’ವಾಗಿಯೇ ಉಳಿಯಿತು. ದೊಡ್ಡ ಶತ್ರು ಜೀರೋಲ್ಯಾಂಡ್, ಯಾವ ನಕಾಶೆಯಲ್ಲೂ ಇಲ್ಲದ್ದು. ಹಾಗಾಗಿ ಅಲಹಾಬಾದಿನಿಂದ ಬಂದ ಹಿಂದಿ ಪುಸ್ತಕಗಳಲ್ಲಿ ಇಮ್ರಾನ್ ಆರಾಮಾಗಿ ರಾಜೇಶ್ ಆದ. ಕಥೆಗೆ ಏನೂ ಆಗಲಿಲ್ಲ.

ಕಲೀಮ್ ಅವರ ಒಂದು ಕಂತಿಗೆ ಹಾಗೇ ಮಾಡಿ ನೋಡಿ. ಕಾಫಿರಿಸ್ತಾನಕ್ಕೆ ನುಗ್ಗಿ ರಾಜೇಶ್ ಹೊಡೆಯೋದು ಯಾರನ್ನ?