ಪ್ರೌಢಶಾಲೆಯಲ್ಲಿ ಕಿವಿಯ ತಯಾರಿ

ನಮ್ಮ ಪ್ರೌಢಶಾಲೆಗಳಲ್ಲಿ ಸಂಗೀತವೇ ಇಲ್ಲ ಎಂದರೆ ತಪ್ಪಾಗುತ್ತದೆ. ಬೆಳಗಿನ ಪ್ರಾರ್ಥನೆಗೆ ನಾಡಗೀತೆ ಇದೆ, ಆಗಸ್ಟ್ ಹದಿನೈದಕ್ಕೆ ದೇಶಭಕ್ತಿಗೀತೆ ಇದೆ, ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಜನಪದ ಗೀತೆಗಳ ಸ್ಪರ್ಧೆ ಇದೆ. ಆದರೆ ಎಲ್ಲ ಕಡೆಯೂ ಹಾಡುವವರು ಅದೇ ನಾಲ್ಕೈದು ಮಕ್ಕಳು: ಒಳ್ಳೆಯ ಶಾರೀರ ಪಡೆದು ಬಂದವರು, ಇಲ್ಲವೇ ಮನೆಯವರು ಸಂಜೆ ಪಾಠಕ್ಕೆ ಕಳಿಸಿದವರು. ಉಳಿದ ಮಕ್ಕಳ ಪಾಲಿಗೆ ಚಪ್ಪಾಳೆ ಮಾತ್ರ. ಶಾಲೆ ಸಂಗೀತವನ್ನು ಪ್ರದರ್ಶಿಸುತ್ತದೆಯೇ ಹೊರತು ಕಲಿಸುವುದಿಲ್ಲ. ನನ್ನ ವಾದ ಇಷ್ಟು: ಪ್ರೌಢಶಾಲೆಯಲ್ಲಿ ಸಂಗೀತ ಎಲ್ಲ ಮಕ್ಕಳಿಗೂ ಪಾಠವಾಗಬೇಕು, ಮತ್ತು ಆ ಪಾಠ ಕಂಠದಿಂದಲ್ಲ, ಕೇಳ್ಮೆಯಿಂದ ಶುರುವಾಗಬೇಕು.

ಇದಕ್ಕೆ ಮೊದಲ ಕಾರಣ ಆ ವಯಸ್ಸಿನಲ್ಲೇ ಇದೆ. ಎಂಟರಿಂದ ಹತ್ತನೆಯ ತರಗತಿಯ ನಡುವೆ ಹೆಚ್ಚಿನ ಹುಡುಗರ ಗಂಟಲು ಒಡೆಯುತ್ತದೆ. ಧ್ವನಿಪೆಟ್ಟಿಗೆ ದೊಡ್ಡದಾಗಿ, ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ, ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ತುಸು ಬದಲಾಗುತ್ತದೆ, ಆದರೆ ಅಷ್ಟು ಗಾಸಿಯಾಗುವುದಿಲ್ಲ. ನಿನ್ನೆ ತಾರ ಷಡ್ಜ ಮುಟ್ಟುತ್ತಿದ್ದ ಹುಡುಗ ಇಂದು ಪಂಚಮಕ್ಕೇ ಬಿರಿಯುತ್ತಾನೆ. ಅಂಥ ಸಮಯದಲ್ಲಿ ಅವನನ್ನು ತರಗತಿಯ ಮುಂದೆ ನಿಲ್ಲಿಸಿ ಹಾಡಿಸಿದರೆ, ತನಗೆ ಸಂಗೀತ ಒಲಿಯದು ಎಂಬ ತೀರ್ಮಾನಕ್ಕೆ ಬಂದು ಜೀವನಪೂರ್ತಿ ದೂರ ಉಳಿಯಬಹುದು. ಗಂಟಲು ಒಡೆದರೂ ಕಿವಿಗೆ ಏನೂ ಆಗಿರುವುದಿಲ್ಲ. ತಾಳ ಹಾಕುವ ಕೈಗೂ ಏನೂ ಆಗಿರುವುದಿಲ್ಲ. ಕಂಠವೊಂದನ್ನೇ ನೆಚ್ಚಿದ ಪಠ್ಯ ಅರ್ಧ ತರಗತಿಯನ್ನು ಹೊರಗಿಡುತ್ತದೆ.

ಕೇಳಿಸುವುದೆಂದರೆ ಧ್ವನಿಮುದ್ರಿಕೆ ಹಾಕಿ ಮಕ್ಕಳನ್ನು ಸುಮ್ಮನೆ ಕೂರಿಸುವುದಲ್ಲ. ಒಂದು ಹಾರ್ಮೋನಿಯಂ ಇದ್ದರೆ ಏನೆಲ್ಲ ಮಾಡಬಹುದು ನೋಡಿ. ಬರೀ ಕರಿ ಮನೆಗಳನ್ನೇ ಬಳಸುವುದು, ಬಿಳಿ ಮನೆ ಮುಟ್ಟುವಂತಿಲ್ಲ. ಕರಿ ಮೂರನ್ನು ಷಡ್ಜವೆಂದು ಒಬ್ಬಳು ಒತ್ತಿ ಹಿಡಿಯಲಿ, ಇನ್ನೊಬ್ಬ ಅಲ್ಲಿಂದ ಮೇಲೆ ಕರಿ ಮನೆಗಳನ್ನು ಒಂದೊಂದಾಗಿ ನುಡಿಸಲಿ: ಮೋಹನದ ಸ್ವರಗಳು ಬಂದವು. ಈಗ ಷಡ್ಜವನ್ನು ಕರಿ ನಾಲ್ಕಕ್ಕೆ ಬದಲಿಸಿದರೆ ಅವೇ ಮನೆಗಳಲ್ಲಿ ಮಧ್ಯಮಾವತಿ, ಕರಿ ಐದಕ್ಕೆ ಹೋದರೆ ಹಿಂದೋಳ, ಕರಿ ಒಂದಕ್ಕೆ ಶುದ್ಧ ಸಾವೇರಿ, ಕರಿ ಎರಡಕ್ಕೆ ಶುದ್ಧ ಧನ್ಯಾಸಿ. ಧಾರವಾಡದ ಕಡೆಯ ಮಕ್ಕಳಾದರೆ ಭೂಪ, ಮಾಲಕಂಸ, ದುರ್ಗಾ ಎಂದು ಗುರುತಿಸುತ್ತಾರೆ. ಮುಟ್ಟಿದ್ದು ಅವೇ ಐದು ಮನೆ. ಆಧಾರ ಶ್ರುತಿ ಸರಿದ ಕೂಡಲೇ ಇಡೀ ಬಣ್ಣವೇ ಬೇರೆ. ಇದನ್ನು ಗ್ರಹಭೇದ ಎನ್ನುತ್ತೇವೆ, ಕಛೇರಿಯಲ್ಲಿ ದೊಡ್ಡ ವಿದ್ವಾಂಸರು ಮಾಡಿದಾಗ ತಲೆದೂಗುತ್ತೇವೆ. ಹದಿನಾಲ್ಕರ ಮಕ್ಕಳಿಗೆ ಇದು ಒಂದು ಪೀರಿಯಡ್ಡಿನಲ್ಲಿ ಕಿವಿಗೆ ಬೀಳುತ್ತದೆ, ಒಬ್ಬರೂ ಬಾಯಿ ತೆರೆಯಬೇಕಿಲ್ಲ. ಹಾರ್ಮೋನಿಯಂನಲ್ಲಿ ಗಮಕ ಹೊರಡುವುದಿಲ್ಲ, ನಿಜ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದಕ್ಕೆ ಅದೂ ಒಂದು ಕಾರಣ. ಆದರೆ ಆ ಕೊರತೆಯೇ ಮರುದಿನದ ಪಾಠವಾಗಲಿ: ಅದೇ ಮೋಹನವನ್ನು ವೀಣೆಯಲ್ಲಿ ಕೇಳಿಸಿ, ಹಾರ್ಮೋನಿಯಂನಲ್ಲಿ ಏನು ತಪ್ಪಿಹೋಗಿತ್ತು ಎಂದು ಮಕ್ಕಳನ್ನೇ ಕೇಳಬೇಕು.

ಸಂಗೀತದ ಪರ ಮಾತಾಡುವವರು ಮುಂದಿಡುವ ಒಂದು ಸಮರ್ಥನೆಯನ್ನು ನಾನು ಒಪ್ಪಲಾರೆ. ಸಂಗೀತ ಕಲಿತರೆ ಗಣಿತದಲ್ಲಿ ಹೆಚ್ಚು ಅಂಕ ಬರುತ್ತದೆ, ಬುದ್ಧಿ ಚುರುಕಾಗುತ್ತದೆ ಎಂಬ ಮಾತದು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಚಿಕ್ಕ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ತುಸು ಮೇಲಾದರು. ಆ ಪರಿಣಾಮ ಕಾಲು ಗಂಟೆ ಉಳಿದರೆ ಹೆಚ್ಚು. ಅಷ್ಟನ್ನೇ ನೆಚ್ಚಿ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹಸುಗೂಸುಗಳಿಗೆಲ್ಲ ಶಾಸ್ತ್ರೀಯ ಸಂಗೀತ ಹಂಚಲು ಹಣ ಕೇಳಿದರು. 2020ರಲ್ಲಿ ಸಾಲಾ ಮತ್ತು ಗೊಬೆ ಎಂಬ ಸಂಶೋಧಕರು ಐವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಸರಿಯಾದ ಹೋಲಿಕೆಯೊಂದಿಗೆ ನಡೆದ ಪ್ರಯೋಗಗಳಲ್ಲಿ ಬುದ್ಧಿಗಾಗಲಿ ಓದಿಗಾಗಲಿ ಆದ ಲಾಭ ಸೊನ್ನೆಗೆ ಹತ್ತಿರವಿತ್ತು. ಗಣಿತ ಬೇಕಿದ್ದರೆ ಗಣಿತವನ್ನೇ ಕಲಿಸೋಣ. ಸಂಗೀತ ಕಲಿಸಬೇಕಾದ್ದು ಅದು ಸಂಗೀತವಾದ್ದರಿಂದ. ಪುರಂದರದಾಸರ ನಾಡಿನ ಮಗು ತನ್ನ ಸುತ್ತಲಿನ ನಾದವನ್ನು ಅರ್ಥಮಾಡಿಕೊಳ್ಳದೆ ಹತ್ತನೆಯ ತರಗತಿ ದಾಟಬಾರದು ಎಂಬ ಕಾರಣಕ್ಕೆ.

ಎಸ್ಸೆಸ್ಸೆಲ್ಸಿಯ ಒತ್ತಡದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ, ಕೇಳ್ಮೆಗೆ ಅಂಕ ಕೊಡುವುದಾದರೂ ಹೇಗೆ ಎಂದು ಕೇಳುವವರಿದ್ದಾರೆ. ಅಂಕ ಕೊಡಲು ಸಾಧ್ಯ. ಇಂಗ್ಲೆಂಡಿನ ಜಿಸಿಎಸ್‌ಇ ಸಂಗೀತ ಪರೀಕ್ಷೆಯಲ್ಲಿ ಹಾಡುವುದಕ್ಕೆ, ನುಡಿಸುವುದಕ್ಕೆ ಶೇ 30, ಸ್ವಂತ ರಚನೆಗೆ ಶೇ 30 ಇದ್ದರೆ, ಕೇಳಿ ಗುರುತಿಸಿ ವಿವರಿಸುವುದಕ್ಕೆ ಶೇ 40. ಎಲ್ಲಕ್ಕಿಂತ ದೊಡ್ಡ ಪಾಲು ಕಿವಿಯದು. ಅದೇ ದೇಶದಲ್ಲಿ 2010ರಲ್ಲಿ ಶಾಲೆಗಳನ್ನು ಅಳೆಯಲು ತಂದ ಹೊಸ ಮಾನದಂಡದಲ್ಲಿ ಕಲಾ ವಿಷಯಗಳನ್ನು ಸೇರಿಸಲಿಲ್ಲ, ಮುಂದಿನ ವರ್ಷಗಳಲ್ಲಿ ಸಂಗೀತ ತೆಗೆದುಕೊಳ್ಳುವ ಮಕ್ಕಳು ಕಡಿಮೆಯಾದರು. ಅದೊಂದೇ ಕಾರಣವಲ್ಲದಿರಬಹುದು. ಆದರೂ ಲೆಕ್ಕಕ್ಕಿಲ್ಲದ ವಿಷಯ ವೇಳಾಪಟ್ಟಿಯಲ್ಲಿ ಬಾಳುವುದಿಲ್ಲ ಎಂಬುದು ನಮ್ಮ ಶಾಲೆಗಳಲ್ಲೂ ದಿನಾ ಕಾಣುವ ಸಂಗತಿ. ಖಾಲಿ ಪೀರಿಯಡ್ ಸಿಕ್ಕರೆ ಅದು ವಿಜ್ಞಾನದ ಮೇಷ್ಟ್ರ ಪಾಲು.

ಕಾಗದದ ಮೇಲೆ ನಾವು ಹಿಂದುಳಿದಿಲ್ಲ. ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯವಾಗಲಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿತ್ತು. 2023ರ ಚೌಕಟ್ಟೂ ಅದನ್ನೇ ಹೇಳುತ್ತದೆ. ತೊಡಕಿರುವುದು ಶಿಕ್ಷಕರ ವಿಷಯದಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಅರೆಕಾಲಿಕ ಕಲಾ ಬೋಧಕರನ್ನು ಕೊಡಬೇಕೆನ್ನುತ್ತದೆ, ಆದರೆ ಅದು ಆರರಿಂದ ಎಂಟನೆಯ ತರಗತಿಗೆ. ಒಂಬತ್ತಕ್ಕೆ ಕಾಲಿಟ್ಟ ಮಗುವಿಗೆ ಆ ಆಸರೆಯೂ ಇಲ್ಲ. ಇತ್ತ ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂದು ಸಂಗೀತ ಪರೀಕ್ಷೆಗಳು ದಶಕಗಳಿಂದ ನಡೆದುಬಂದಿವೆ. ವಿದ್ವತ್ ಮುಗಿಸಿ ಮನೆಯಲ್ಲೇ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿರುವವರನ್ನು ಎರಡು ಮೂರು ಶಾಲೆಗಳಿಗೆ ಒಬ್ಬರಂತೆ ಹಂಚಿದರೂ ವಾರಕ್ಕೊಂದು ಪಾಠ ನಡೆದೀತು. ಫೀಸು ಕೊಡಲಾಗದ ಮನೆಯ ಮಗುವಿಗೆ ಇದೊಂದೇ ದಾರಿ.

ಐವತ್ತು ಮಕ್ಕಳನ್ನು ಕೂರಿಸಿ ಹೇಳಿಕೊಡುವುದು ಸಂಗೀತವೇ, ಅದು ಗುರುವಿನ ಎದುರು ಕೂತು ಬರಬೇಕಾದ್ದಲ್ಲವೇ ಎಂಬ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಹಾಡುಗಾರರು ತಯಾರಾಗುವುದು ಹಾಗೆಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಮಕ್ಕಳನ್ನು ಬಳಿಯಿಟ್ಟುಕೊಂಡು ಮಾಡಿದ ಕೆಲಸವನ್ನು ಯಾವ ಶಾಲೆಯೂ ಮಾಡಲಾರದು. ಆದರೆ ಹಿಂದೂಸ್ತಾನಿ ಗಾಯಕ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು ಸಂಗೀತ ಸಾಮಾನ್ಯರ ಮನೆಗೂ ತಲುಪಲಿ ಎಂದು. ಶಾಲೆಯ ಗುರಿ ಇದು. ಗವಾಯಿಗಳನ್ನು ಗುರುಕುಲ ಕೊಡಲಿ, ಅವರ ಎದುರು ಕೂರುವ ಸಭೆಯನ್ನು ಶಾಲೆ ಕೊಡಲಿ.

ಹಾಗಾದರೆ ಯಾವ ಸಂಗೀತ? ಶಾಸ್ತ್ರೀಯವೊಂದನ್ನೇ ಹೇರಿದರೆ ಮಕ್ಕಳು ತಮ್ಮ ಊರಿನ ಹಾಡನ್ನು ಕೀಳೆಂದು ಕಲಿಯುತ್ತಾರೆ ಎಂಬ ಅಳುಕು ಸುಳ್ಳಲ್ಲ. ಕೇಳ್ಮೆಯ ಪಠ್ಯಕ್ಕೆ ಇದು ಅಡ್ಡಿಯಾಗದು. ಉಡುಪಿಯ ತರಗತಿಯಲ್ಲಿ ಭಾಗವತರ ಪದ, ಮದ್ದಳೆ, ಚೆಂಡೆಗಳಿಂದ ಶುರುವಾಗಲಿ, ವಿಜಯಪುರದಲ್ಲಿ ತತ್ವಪದದಿಂದ, ಮೈಸೂರಿನಲ್ಲಿ ಬೇಕಿದ್ದರೆ ಮಲಹರಿಯ ಗೀತೆಯಿಂದ. ಪ್ರಶ್ನೆಪತ್ರಿಕೆ ಮಾತ್ರ ಎಲ್ಲರಿಗೂ ಒಂದೇ ಇರಬಹುದು: ಆಧಾರ ಶ್ರುತಿಯನ್ನು ಯಾವುದು ಹಿಡಿದಿತ್ತು, ತಾಳದ ಸುತ್ತಿಗೆ ಎಷ್ಟು ಅಕ್ಷರ, ಹಾಡು ಎತ್ತಿದ್ದು ಸಮದಲ್ಲೋ ಸಮ ದಾಟಿಯೋ, ಯಾವ ಸಾಲು ಮತ್ತೆ ಮತ್ತೆ ಮರಳಿ ಬಂತು, ಬಂದಾಗ ಏನು ಬದಲಾಗಿತ್ತು.