ಮೊದಲು ಸ್ಪೀಕರ್, ಆಮೇಲೆ ವಾಟ್

ಮನೆಯಲ್ಲಿ ಸಂಗೀತ ಕೇಳುವ ಸಲಕರಣೆಯನ್ನು ಕೊಳ್ಳಹೊರಟವರು ಅಂಗಡಿಯೊಳಕ್ಕೆ ಕಾಲಿಟ್ಟ ಕೂಡಲೆ ಕೇಳುವ ಪ್ರಶ್ನೆ, ಆಂಪ್ಲಿಫೈಯರು ಎಷ್ಟು ವಾಟಿನದು ಎಂಬುದು. ಅಂಗಡಿಯವರೂ ಆ ಪ್ರಶ್ನೆಗೇ ಕಾದಿದ್ದವರಂತೆ, ನೂರು ಎಂದರೆ ನೂರೈವತ್ತು, ನೂರೈವತ್ತು ಎಂದರೆ ಇನ್ನೂರು ಎಂದು ಏರಿಸುತ್ತ ಹೋಗುತ್ತಾರೆ. ವಾಟ್ ಎಂಬುದು ತನ್ನಷ್ಟಕ್ಕೆ ಬೆಲೆಯುಳ್ಳ ಪದಾರ್ಥವಲ್ಲವೆಂಬುದೂ, ಅದನ್ನು ಪಡೆದು ನಾದವಾಗಿ ಮಾರ್ಪಡಿಸುವ ಸ್ಪೀಕರಿನ ಸ್ವಭಾವವನ್ನು ತಿಳಿಯದೆ ಹಾಕುವ ವಾಟಿನ ಲೆಕ್ಕ ತಳವಿಲ್ಲದ ಲೆಕ್ಕವೆಂಬುದೂ ಈ ವಾರದ ಪ್ರತಿಪಾದ್ಯ.

ಆ ಸ್ವಭಾವವನ್ನು ಅಳೆಯುವ ಕ್ರಮ ಸರಳವಾದುದು. ಸ್ಪೀಕರಿಗೆ ಒಂದು ವಾಟ್ ವಿದ್ಯುತ್ತನ್ನು ಊಡಿಸಿ, ಒಂದು ಮೀಟರ್ ದೂರದಲ್ಲಿ ದೊರೆಯುವ ಶಬ್ದದ ಮಟ್ಟವನ್ನು ಡೆಸಿಬೆಲ್ಲುಗಳಲ್ಲಿ ಗುರುತಿಸುತ್ತಾರೆ. ಮಟ್ಟವು 3 ಡೆಸಿಬೆಲ್ ಏರಬೇಕಾದರೆ ವಾಟ್ ಇಮ್ಮಡಿಯಾಗಬೇಕು. 10 ಡೆಸಿಬೆಲ್ ಏರಬೇಕಾದರೆ ಹತ್ತು ಮಡಿಯಾಗಬೇಕು. ಹಾಗೆ ಹತ್ತು ಮಡಿಯಾದರೂ ನಮ್ಮ ಕಿವಿಗೆ ಅದು ಸ್ಥೂಲವಾಗಿ ಎರಡರಷ್ಟು ಗಟ್ಟಿಯಾಗಿ ಮಾತ್ರ ಕೇಳಿಸುತ್ತದೆ. ಆದುದರಿಂದ 50 ವಾಟಿನ ಆಂಪ್ಲಿಫೈಯರನ್ನು ಮಾರಿ 100 ವಾಟಿನದನ್ನು ತಂದವರ ಗಳಿಕೆ, ಗಮನವಿಟ್ಟು ಕೇಳಿದರೆ ಗೊತ್ತಾಗುವಷ್ಟು ಅಲ್ಪವಾದುದು. ಇನ್ನು ದಕ್ಷತೆಯ ವಿಷಯದಲ್ಲಿ ಸ್ಪೀಕರಿನಷ್ಟು ದುಂದುಗಾರ ಯಂತ್ರ ಮನೆಯಲ್ಲಿ ಮತ್ತೊಂದಿರಲಾರದು: 92 ಡೆಸಿಬೆಲ್ಲಿನ ಸ್ಪೀಕರು ತಾನು ಪಡೆದ ವಿದ್ಯುತ್ತಿನ ನೂರರಲ್ಲಿ ಒಂದು ಪಾಲನ್ನು ಮಾತ್ರ ನಾದವನ್ನಾಗಿಸಿ, ಮಿಕ್ಕ ತೊಂಬತ್ತೊಂಬತ್ತು ಪಾಲನ್ನು ಬಹುಮಟ್ಟಿಗೆ ತಂತಿಸುರುಳಿಯ ಶಾಖವಾಗಿ ಕಳೆದುಬಿಡುತ್ತದೆ, 82 ಡೆಸಿಬೆಲ್ಲಿನದು ಸಾವಿರದಲ್ಲಿ ಒಂದು ಪಾಲನ್ನಷ್ಟೇ ಉಳಿಸಿಕೊಡುತ್ತದೆ.

ಎರಡು ಪ್ರಸಿದ್ಧ ಸ್ಪೀಕರುಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಈ ಅಂತರದ ವೈಶಾಲ್ಯ ಮನದಟ್ಟಾದೀತು. ಅಮೆರಿಕದ ಅರ್ಕನ್ಸಾ ಸಂಸ್ಥಾನದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಷ್ 1946ರಿಂದ ತಯಾರಿಸತೊಡಗಿದ ಕ್ಲಿಪ್ಷ್‌ಹಾರ್ನ್, ಕೋಣೆಯ ಮೂಲೆಯಲ್ಲಿ ನಿಂತು ಅಲ್ಲಿನ ಎರಡು ಗೋಡೆಗಳನ್ನೇ ತನ್ನ ಕಹಳೆಯ ಮುಂದುವರಿಕೆಯನ್ನಾಗಿ ಮಾಡಿಕೊಳ್ಳುವ ಬೃಹದಾಕಾರದ ಸ್ಪೀಕರು. ಅದರ ಅಂಕಿ ಸುಮಾರು 104 ಡೆಸಿಬೆಲ್. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ, ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿನಲ್ಲಿ ಕುಳಿತು ಧ್ವನಿಯನ್ನು ಪರಿಶೀಲಿಸುವವರಿಗಾಗಿ ರೂಪಿಸಿದ ಎಲ್‌ಎಸ್3/5ಎ ಒಂದಡಿ ಎತ್ತರದ ಪುಟ್ಟ ಪೆಟ್ಟಿಗೆ. ಅದರದು 82ರ ಆಸುಪಾಸು. ಇವುಗಳ ನಡುವಣ 22 ಡೆಸಿಬೆಲ್ ಎಂದರೆ ವಾಟಿನ ಲೆಕ್ಕದಲ್ಲಿ ನೂರೈವತ್ತು ಪಟ್ಟಿಗೂ ಮಿಗಿಲು. ಹತ್ತಡಿ ದೂರದ ಕುರ್ಚಿಗೆ ಬರುವಷ್ಟರಲ್ಲಿ, ಗೋಡೆಗಳ ಪ್ರತಿಫಲನವನ್ನೂ ಎರಡು ಸ್ಪೀಕರುಗಳ ಕೂಡಿಕೆಯನ್ನೂ ಜಮೆಗೆ ಹಿಡಿದ ಮೇಲೆ, ಒಟ್ಟಿನಲ್ಲಿ 6 ಡೆಸಿಬೆಲ್ ಸೋರಿಹೋಗುವುದೆಂದು ಇಟ್ಟುಕೊಳ್ಳೋಣ. ಗಾಯಕರ ಆಲಾಪನೆ 76 ಡೆಸಿಬೆಲ್ಲಿನಲ್ಲಿ ಕೇಳಬೇಕಾದರೆ ಪುಟ್ಟ ಪೆಟ್ಟಿಗೆಗೆ ಒಂದು ವಾಟ್ ಬೇಕು. ಮೃದಂಗದ ಘಾತವೊಂದು ಅದರ ಮೇಲೆ 20 ಡೆಸಿಬೆಲ್ ನೆಗೆದರೆ ನೂರು ವಾಟ್ ಬೇಕು. ಆದರೆ ಆ ಪೆಟ್ಟಿಗೆ ತಾಳಿಕೊಳ್ಳಬಲ್ಲುದು ಸುಮಾರು 25 ವಾಟನ್ನು ಮಾತ್ರ. ಕ್ಲಿಪ್ಷ್‌ಹಾರ್ನಿಗಾದರೋ ಆ ಘಾತಕ್ಕೆ ಮುಕ್ಕಾಲು ವಾಟೂ ಬೇಡ. ಆಲಾಪನೆಗೆ ಸಾಕಾಗುವುದು ಒಂದು ವಾಟಿನ ನೂರೈವತ್ತರಲ್ಲಿ ಒಂದು ಭಾಗ.

ಹಾಗಾದರೆ ಎಲ್ಲ ಸ್ಪೀಕರುಗಳನ್ನೂ ಹೆಚ್ಚು ದಕ್ಷವಾಗಿಯೇ ಏಕೆ ಮಾಡಬಾರದು ಎಂಬ ಸಹಜವಾದ ಸಂದೇಹಕ್ಕೆ, ಪಿಯಾನೋ ವಿದ್ವಾಂಸ ಜೋಸೆಫ್ ಹಾಫ್‌ಮನ್‌ರ ಮಗನಾದ ಆಂಟನ್ ಹಾಫ್‌ಮನ್‌ರ ಹೆಸರಿನಲ್ಲಿ ಪ್ರಚಲಿತವಾಗಿರುವ ನಿಯಮವೊಂದು ಉತ್ತರ ಕೊಡುತ್ತದೆ. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಅಧಿಕ ದಕ್ಷತೆ ಎಂಬ ಮೂರು ಗುಣಗಳಲ್ಲಿ ಯಾವುವಾದರೂ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು. ದಕ್ಷತೆಯನ್ನು ಕಳೆದುಕೊಳ್ಳದೆ ಒಂದು ಸ್ಥಾಯಿ ಕೆಳಗಿಳಿಯಬೇಕೆಂದರೆ ಪೆಟ್ಟಿಗೆಯ ಒಳಗಾತ್ರ ಎಂಟು ಪಟ್ಟು ಬೆಳೆಯಬೇಕಾಗುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬುವರು ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು, ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಸ್ಪೀಕರಿನಿಂದ ಗಂಭೀರವಾದ ಮಂದ್ರವನ್ನು ಹೊರಡಿಸಿದರು; ಅದಕ್ಕಾಗಿ ಅವರು ತೆತ್ತ ಬೆಲೆ ದಕ್ಷತೆ. ಸ್ಟೀರಿಯೋ ತಟ್ಟೆಗಳು ಬಂದು ಮನೆಗೆ ಎರಡೆರಡು ಸ್ಪೀಕರುಗಳು ಬೇಕಾದಾಗ ಚಿಕ್ಕ ಪೆಟ್ಟಿಗೆಯ ಮೋಹ ಇನ್ನೂ ಹೆಚ್ಚಿತು. 1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳು ವಾಟನ್ನು ಅಗ್ಗವಾಗಿಸಿ ಆ ಮೋಹಕ್ಕೆ ಇಂಬು ಕೊಟ್ಟವು. ಅದಕ್ಕೆ ಮುಂಚೆ, 1947ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟವಾಗಿ ಲೋಕದ ಹವ್ಯಾಸಿಗಳೆಲ್ಲ ಕೈಯಾರೆ ಕಟ್ಟಿಕೊಂಡ ವಿಲಿಯಮ್‌ಸನ್ ಆಂಪ್ಲಿಫೈಯರಿನ ಶಕ್ತಿಯಾದರೂ ಎಷ್ಟು? ಬರಿಯ 15 ವಾಟ್.

ಹೆಚ್ಚು ದಕ್ಷವಾದ ಸ್ಪೀಕರು ನಿರ್ದೋಷವಾದುದೆಂದು ಭಾವಿಸಲಾಗದು. ಪಿಸುಮಾತನ್ನೂ ಬಿಡದೆ ಹೊರಗೆಡಹುವ ಅದು, ಆಂಪ್ಲಿಫೈಯರಿನ ಹುಳುಕನ್ನೂ ಅಷ್ಟೇ ನಿಷ್ಠೆಯಿಂದ ಹೊರಗೆಡಹುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತು ಆಂಪ್ಲಿಫೈಯರಿನೊಳಗೆ ನೇರ ಪ್ರವಾಹವಾಗಿ ಮಾರ್ಪಡುವಾಗ 100 ಹರ್ಟ್ಸಿನ ಗುಂಯ್‌ಗಾನವೊಂದು ಉಳಿದುಕೊಳ್ಳುವುದುಂಟು. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ಮಂದ್ರ ಷಡ್ಜವು 69 ಹರ್ಟ್ಸಿನ ಸಮೀಪದ್ದಾದುದರಿಂದ, ಈ ಗುಂಯ್‌ಗಾನ ಪ್ರತಿಮಧ್ಯಮಕ್ಕೂ ಪಂಚಮಕ್ಕೂ ನಡುವೆ, ಎತ್ತಲೂ ಸೇರದ ಸ್ಥಾನದಲ್ಲಿ ಬಂದು ಕೂರುತ್ತದೆ. ತಂಬೂರಿಯ ಪಕ್ಕದಲ್ಲಿ ಹಗಲಿರುಳೂ ಅಪಸ್ವರ ಮೀಟುವ ಇನ್ನೊಂದು ತಂತಿಯನ್ನು ರಸಿಕರು ಎಷ್ಟು ಹೊತ್ತು ಸಹಿಸಿಯಾರು! ಪುಟ್ಟ ಪೆಟ್ಟಿಗೆಯ ಸ್ಪೀಕರಿನಲ್ಲಿ ಈ ಸದ್ದು 22 ಡೆಸಿಬೆಲ್ ಕೆಳಗಿದ್ದು ಕಿವಿಗೆ ಬೀಳುವುದೇ ಇಲ್ಲ. ದಕ್ಷ ಸ್ಪೀಕರಿಗೆ ಬೇಕಾದುದು ನೂರು ವಾಟಿನ ಪೌರುಷವಲ್ಲ, ಮೊದಲ ಒಂದು ವಾಟಿನ ಶುದ್ಧಿ.

ದಕ್ಷತೆ ಕಡಮೆಯಾದ ಸ್ಪೀಕರಿನ ಕಷ್ಟ ಇನ್ನೊಂದು ಬಗೆಯದು. ಆಂಪ್ಲಿಫೈಯರಿನ ಮಿತಿ ಮುಗಿದೊಡನೆ ನಾದತರಂಗದ ತುದಿಗಳು ಕತ್ತರಿಸಿದಂತಾಗಿ, ಛಾಪುವಿನ ಮೊನಚು ಮೊಂಡಾಗುತ್ತದೆ, ತಾರಸ್ಥಾಯಿಯ ಕಂಠ ಒರಟಾಗುತ್ತದೆ. ಹಟದಿಂದ ವಾಲ್ಯೂಮನ್ನು ಮತ್ತೂ ತಿರುಗಿಸಿದರೆ ಟ್ವೀಟರು ಸುಟ್ಟುಹೋಗುವುದೂ ಉಂಟು. ಹಾಗೆಂದು ಅಂಕಿ ಕಡಮೆಯಿದ್ದ ಕಡೆಯಲ್ಲೆಲ್ಲ ವಾಟನ್ನು ಸುರಿಯಬೇಕೆಂಬ ಸೂತ್ರವೂ ನಿಲ್ಲುವಂತಹುದಲ್ಲ. ಪೀಟರ್ ವಾಕರರ ಕ್ವಾಡ್ ಸಂಸ್ಥೆ 1957ರಲ್ಲಿ ಹೊರತಂದ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರು ಅಂಕಿಯಲ್ಲಿ ಸಾಧಾರಣವಾದುದು. ಆದರೂ ಮಿತಿಮೀರಿದ ಶಕ್ತಿ ಹರಿದರೆ ಅದರ ತೆಳುವಾದ ಪೊರೆಗೆ ಕಿಡಿ ಹಾರಿ ತೂತು ಬೀಳುತ್ತದೆ. ಅದೇ ಸಂಸ್ಥೆಯ 15 ವಾಟಿನ ವ್ಯಾಲ್ವ್ ಆಂಪ್ಲಿಫೈಯರು ಅದಕ್ಕೆ ತಕ್ಕ ಸಂಗಾತಿಯಾಗಿದ್ದಿತು.

ಅಂಕಿಯೊಂದನ್ನೇ ನಂಬುವವರು ಇಂಪೀಡೆನ್ಸನ್ನು, ಎಂದರೆ ಸ್ಪೀಕರು ವಿದ್ಯುತ್ತಿಗೆ ಒಡ್ಡುವ, ಓಮುಗಳಲ್ಲಿ ಅಳೆಯುವ ತಡೆಯನ್ನು, ಮರೆಯುತ್ತಾರೆ. ಇಂದಿನ ಕ್ಯಾಟಲಾಗುಗಳು ಬಹುಪಾಲು ಒಂದು ವಾಟಿನ ಬದಲು 2.83 ವೋಲ್ಟಿಗೆ ಅಂಕಿ ಕೊಡುತ್ತವೆ. 8 ಓಮ್ ಸ್ಪೀಕರಿನಲ್ಲಿ ಅದು ಒಂದು ವಾಟೇ ಸರಿ, 4 ಓಮಿನದರಲ್ಲಿ ಮಾತ್ರ ಎರಡು ವಾಟ್, ಅಂದರೆ ಮೂರು ಡೆಸಿಬೆಲ್ಲಿನ ಪುಕ್ಕಟೆ ಹೊಗಳಿಕೆ. 300ಬಿ ಎಂಬ, 1938ರಷ್ಟು ಹಳೆಯ ವ್ಯಾಲ್ವಿನಿಂದ ಕಟ್ಟಿದ ಎಂಟು ವಾಟಿನ ಆಂಪ್ಲಿಫೈಯರಿಗೆ ಮರುಳಾದವರು ಇನ್ನೂ ಎಚ್ಚರದಿಂದಿರಬೇಕು. ಅದರ ಒಳಪ್ರತಿರೋಧ ಎರಡೂವರೆ ಓಮಿದ್ದು, ಸ್ಪೀಕರಿನ ಇಂಪೀಡೆನ್ಸು ಸ್ವರದಿಂದ ಸ್ವರಕ್ಕೆ 4ರಿಂದ 30 ಓಮುಗಳವರೆಗೆ ಏರಿಳಿಯುವುದಾದರೆ, ಕೆಲವು ಸ್ವರಗಳು ಇತರ ಸ್ವರಗಳಿಗಿಂತ ಮೂರೂವರೆ ಡೆಸಿಬೆಲ್ ಹೆಚ್ಚಾಗಿ ನುಡಿಯುತ್ತವೆ. ವೀಣೆಯ ಒಂದು ಮೆಟ್ಟು ಉಬ್ಬಿ, ಇನ್ನೊಂದು ತಗ್ಗಿ ಕೇಳಿಸುತ್ತದೆ.

ಇಷ್ಟರಿಂದ ಒದಗುವ ವ್ಯವಹಾರದ ಮಾತು ಹೀಗೆ. ಹನ್ನೆರಡು ಅಡಿಗೆ ಹದಿನೈದು ಅಡಿಯ ಕೋಣೆಯಲ್ಲಿ ಹಾಡುಗಾರಿಕೆಯನ್ನೇ ಮುಖ್ಯವಾಗಿ ಕೇಳುವವರು 88ರಿಂದ 90 ಡೆಸಿಬೆಲ್ಲಿನ, 6 ಓಮಿಗಿಂತ ಕೆಳಗಿಳಿಯದ ಸ್ಪೀಕರನ್ನು ಆರಿಸಿ, ಅದಕ್ಕೆ 30ರಿಂದ 50 ವಾಟಿನ ಪ್ರಾಮಾಣಿಕವಾದ ಆಂಪ್ಲಿಫೈಯರನ್ನು ಕೂಡಿಸಿದರೆ ಕೊರತೆಯಾಗದು. ಎಂಟು ವಾಟಿನ ವ್ಯಾಲ್ವೇ ಬೇಕೆನ್ನುವವರು 95ನ್ನು ಮೀರಿದ ದೊಡ್ಡ ಸ್ಪೀಕರುಗಳಿಗೆ ಮನೆಯಲ್ಲಿ ಎಡೆ ಮಾಡಿಕೊಡಬೇಕು. ಕೊಳ್ಳುವ ಮುನ್ನ ಎರಡು ಪರೀಕ್ಷೆಗಳು ಸಾಕು: ಸಂಗೀತವನ್ನು ನಿಲ್ಲಿಸಿ, ವಾಲ್ಯೂಮನ್ನು ಕೇಳುವ ಮಟ್ಟದಲ್ಲಿಯೇ ಬಿಟ್ಟು, ಸ್ಪೀಕರಿನಿಂದ ಗೇಣುದೂರದಲ್ಲಿ ಕಿವಿಯಿಡುವುದು ಒಂದು, ತನಿ ಆವರ್ತನವೊಂದನ್ನು ಕಚೇರಿಯ ಮಟ್ಟಕ್ಕೆ ಏರಿಸಿ ಘಾತಗಳು ಬಿಡಿಬಿಡಿಯಾಗಿ ಉಳಿಯುವುವೆ ಎಂದು ಆಲಿಸುವುದು ಇನ್ನೊಂದು. ಹಣದ ಹೆಚ್ಚಿನ ಪಾಲನ್ನು ಸ್ಪೀಕರಿಗೇ ಮೀಸಲಿಡುವುದು ಲೇಸು. ಏಕೆಂದರೆ ಆಂಪ್ಲಿಫೈಯರನ್ನು ಮುಂದೆಂದಾದರೂ ಬದಲಾಯಿಸಿಕೊಳ್ಳಬಹುದು, ಸ್ಪೀಕರನ್ನು ಬದಲಾಯಿಸಿದವರಾದರೋ ಆಂಪ್ಲಿಫೈಯರನ್ನೂ ಮತ್ತೆ ಹೊಸದಾಗಿ ಹುಡುಕಬೇಕಾಗುತ್ತದೆ.