ನಿಂತು ಸಾಗುವ ಸುರುಳಿ: ಚಲನಚಿತ್ರ ಕ್ಯಾಮೆರಾಕ್ಕೊಂದು ವ್ಯಾಖ್ಯಾನ

ಮೂಲ: ಕತ್ತಲಮನೆಯ ಸುರುಳಿ ಬಳುಕಿ ಇಳಿದು, ಕೊಕ್ಕೆಗೆ ಸಿಕ್ಕಿ, ಗೇಟಿನಲ್ಲಿ ನಿಂತು, ಕನ್ನಡಿ ಸರಿದಾಗ ಬೆಳಕುಂಡು, ಮರಳಿ ಕತ್ತಲಮನೆ ಸೇರುವುದು.

35 ಮಿ.ಮೀ. ಚಲನಚಿತ್ರ ಕ್ಯಾಮೆರಾದ ಒಳನಡೆಯೇ ಈ ವಾಕ್ಯದ ವಿಷಯ. ಮ್ಯೂನಿಕ್ಕಿನ ಆರ್ನಾಲ್ಡ್ ಮತ್ತು ರಿಕ್ಟರ್ ಎಂಬಿಬ್ಬರು ಕಟ್ಟಿದ ‘ಆರಿ’ ಸಂಸ್ಥೆ 1937ರಲ್ಲಿ ಹೊರತಂದ ಆರಿಫ್ಲೆಕ್ಸ್ ಇಲ್ಲಿ ಲಕ್ಷ್ಯ. ನಮ್ಮ ದೇಶದ ಹೊರಾಂಗಣ ಚಿತ್ರೀಕರಣದಲ್ಲಿ ದಶಕಗಳ ಕಾಲ ದುಡಿದ 2ಸಿ ಮಾದರಿಯು ಈ ವಂಶದ್ದೇ.

‘ಕತ್ತಲಮನೆ’ ಎಂದರೆ ಮ್ಯಾಗಜೀನ್, ಕ್ಯಾಮೆರಾದ ನೆತ್ತಿಯ ಮೇಲೆ ಕೂರುವ ಡಬ್ಬಿ. ಕಚ್ಚಾ ಫಿಲಂ ಬೆಳಕನ್ನು ಒಮ್ಮೆ ಮಾತ್ರ ಕಾಣತಕ್ಕದ್ದು, ಆದುದರಿಂದ ವೈ.ಎನ್.ಹೊಸಕೋಟೆಯಂಥ ಬಯಲುಸೀಮೆಯ ಬಿಸಿಲಿನಲ್ಲಿಯೂ ಅದನ್ನು ತುಂಬುವವನು ಕಪ್ಪು ಚೀಲದೊಳಗೆ ಕೈಯಿಟ್ಟು, ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಬೇಕು. 400 ಅಡಿಯ ಸುರುಳಿ ಓಡುವುದು ನಾಲ್ಕೂವರೆ ನಿಮಿಷಕ್ಕೂ ಕಡಿಮೆ ಕಾಲ.

‘ಬಳುಕಿ ಇಳಿದು’ ಎಂಬಲ್ಲಿ ಬಳುಕು ಎಂದರೆ ಲೂಪ್, ಗೇಟಿನ, ಅಂದರೆ ಫಿಲಂ ಬೆಳಕಿಗೆ ಒಡ್ಡಿಕೊಳ್ಳುವ ಕಿಂಡಿಯ, ಮೇಲೂ ಕೆಳಗೂ ಬಿಟ್ಟ ಸಡಿಲು. ಮ್ಯಾಗಜೀನಿನ ಹಲ್ಲುಗಾಲಿ ಫಿಲಮ್ಮನ್ನು ಎಡೆಬಿಡದೆ ಉಣಿಸುತ್ತದೆ. ಗೇಟಿನಲ್ಲಾದರೋ ಅದು ತಡೆತಡೆದು ಸಾಗುತ್ತದೆ. ಈ ಎರಡು ನಡೆಗಳ ವಿರೋಧವನ್ನು ಪರಿಹರಿಸುವುದು ಆ ಸಡಿಲೇ. ಅದು ಕುಗ್ಗಿದರೆ ಫಿಲಂ ಹರಿದೀತು.

‘ಕೊಕ್ಕೆ’ ಎಂದರೆ ಕ್ಲಾ. ಫಿಲಮ್ಮಿನ ಅಂಚಿನ ರಂಧ್ರವನ್ನು ಹಿಡಿದು ನಾಲ್ಕು ರಂಧ್ರಗಳಷ್ಟು, ಅಂದರೆ 19 ಮಿ.ಮೀ., ಕೆಳಗೆಳೆದು ಬಿಟ್ಟುಬಿಡುವುದು ಅದರ ಕಾರ್ಯ. ಸೆಕೆಂಡಿಗೆ 24 ಬಾರಿ.

‘ನಿಂತು’ ಎಂಬುದೇ ವಾಕ್ಯದ ಜೀವಪದ. ಚಲನೆಯನ್ನು ಹಿಡಿಯುವ ಯಂತ್ರಕ್ಕೆ ನಿಲುಗಡೆ ಏಕೆ ಎಂದು ಶಂಕೆ. ಸಮಾಧಾನವೆಂತೆಂದರೆ, ಬೆಳಕು ಬೀಳುವಾಗ ಫಿಲಂ ಸರಿದರೆ ರೂಪವೆಲ್ಲ ಕಲಸಿಹೋಗುತ್ತದೆ. ನಿಂತ ಚಿತ್ರಗಳ ಸಾಲನ್ನೇ ನೋಡುಗನ ಕಣ್ಣು ಚಲನೆಯೆಂದು ಗ್ರಹಿಸುತ್ತದೆ. ಅದೇ ವೈ.ಎನ್.ಹೊಸಕೋಟೆಯ ರೇಷ್ಮೆ ನೇಕಾರನ ಮಗ್ಗದಲ್ಲಿಯೂ ಲಾಳಿ ಓಡುವಾಗ ಹಾಸು ಮುಂದೆ ಸರಿಯದು, ನೆಯ್ದ ರೇಷ್ಮೆಯನ್ನು ಸುತ್ತಿಕೊಳ್ಳುವಾಗ ಲಾಳಿ ಓಡದು. ಎರಡೂ ಒಟ್ಟಿಗೆ ನಡೆದರೆ ಬಟ್ಟೆಯಿಲ್ಲ. ಅಮೆರಿಕದ ಮಿಚೆಲ್ ಕ್ಯಾಮೆರಾದಲ್ಲಿ ನಿಂತ ಫಿಲಮ್ಮಿನ ರಂಧ್ರಗಳಿಗೆ ರಿಜಿಸ್ಟರ್ ಪಿನ್ನುಗಳು ಹೊಕ್ಕು ಅಲುಗದಂತೆ ಹಿಡಿಯುತ್ತವೆ. 2ಸಿಯಲ್ಲಿ ಆ ಪಿನ್ನಿಲ್ಲ. ಗೇಟಿನ ಒತ್ತುಪಟ್ಟಿಯ ಬಿಗಿಯನ್ನೇ ಅದು ನೆಚ್ಚಿದೆ. ಹಗುರತನಕ್ಕಾಗಿ ಇಷ್ಟು ನಿಖರತೆಯನ್ನು ಬಿಟ್ಟುಕೊಟ್ಟದ್ದು ಸರಿಯಾದ ವ್ಯಾಪಾರವೇ ಎನ್ನಬೇಕು, ಹೆಗಲ ಮೇಲೇರದ ಕ್ಯಾಮೆರಾ ಬೆಟ್ಟವನ್ನೂ ಏರದಷ್ಟೆ.

‘ಕನ್ನಡಿ ಸರಿದಾಗ’ ಎಂಬಲ್ಲಿ ಆರಿಫ್ಲೆಕ್ಸಿನ ವೈಶಿಷ್ಟ್ಯವಡಗಿದೆ. ಫಿಲಂ ಸರಿಯುವಾಗ ಬೆಳಕನ್ನು ತಡೆಯುವ ತಿರುಗುಮರೆಗೆ ಷಟರ್ ಎಂದು ಹೆಸರು. ಆ ಮರೆಯ ಮುಖಕ್ಕೇ ಕನ್ನಡಿಯ ಹೊಳಪು ಕೊಟ್ಟು, ಅದನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿದರು. ಮರೆ ಅಡ್ಡ ಬಂದಾಗ ಲೆನ್ಸಿನ ಬೆಳಕು ವ್ಯೂಫೈಂಡರಿಗೆ, ಸರಿದಾಗ ಫಿಲಮ್ಮಿಗೆ. ತೆರವು 180 ಡಿಗ್ರಿಯಾದರೆ ಪ್ರತಿ ಚೌಕಟ್ಟಿಗೂ ದಕ್ಕುವುದು ಸೆಕೆಂಡಿನ 48ರಲ್ಲೊಂದು ಪಾಲು. ಇಲ್ಲಿ ನಿಧಾನಿಸತಕ್ಕ ಅರ್ಥವೊಂದಿದೆ: ಛಾಯಾಗ್ರಾಹಕ ಕಂಡ ಕ್ಷಣ ಫಿಲಮ್ಮಿಗೆ ದಕ್ಕದು, ಫಿಲಮ್ಮಿಗೆ ದಕ್ಕಿದ ಕ್ಷಣ ಅವನಿಗೆ ಕಾಣದು. ಮೇಲಾಗಿ, ಅವನು ಐಪೀಸಿನಿಂದ ಕಣ್ಣು ತೆಗೆದರೆ ಆ ದಾರಿಯಿಂದಲೂ ಬೆಳಕು ನುಗ್ಗಿ ಫಿಲಮ್ಮನ್ನು ಕೆಡಿಸಬಹುದು. ಹಾಗಾಗಿ ಕಣ್ಣು ನೋಟಕ್ಕೂ ಹೌದು, ಬಿರಟೆಗೂ ಹೌದು.

‘ಬೆಳಕುಂಡು’ ಎಂದಿರಲು ಬೆಳಕನ್ನು ತರುವ ಲೆನ್ಸನ್ನು ಮೂಲ ಹೇಳಲಿಲ್ಲವಲ್ಲ ಎಂದರೆ, ಲೆನ್ಸು ಈ ಮನೆಯ ನಿತ್ಯವಾಸಿಯಲ್ಲ, ಅತಿಥಿ. 2ಸಿಯ ಮುಖದ ತಿರುಗಣೆಯಲ್ಲಿ ಮೂರು ಲೆನ್ಸುಗಳಿಗೆ ಎಡೆಯುಂಟು. ಬೇಕಾದುದನ್ನು ತಿರುಗಿಸಿ ಗೇಟಿನೆದುರು ತರುವುದು. ಅತಿಥಿ ಬದಲಾದರೂ ಮನೆಯ ನಡೆ ಬದಲಾಗದೆಂಬುದಕ್ಕೆ ನಿದರ್ಶನವಿದು: ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರಲ್ಲಿ ‘ಕಾಗಜ್ ಕೇ ಫೂಲ್’ ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ತೆಗೆದರು. ಈ ವಿಧಾನದಲ್ಲಿ ಭಾರತದ ಮೊದಲ ಚಿತ್ರವದು. ಅಲ್ಲಿ ಅನಮಾರ್ಫಿಕ್ ಲೆನ್ಸು ಅಗಲವಾದ ದೃಶ್ಯವನ್ನು ಅಡ್ಡಕ್ಕೆ ಅರ್ಧದಷ್ಟು ಹಿಂಡಿ ಮಾಮೂಲು ಫಿಲಮ್ಮಿಗೆ ಇಳಿಸುತ್ತದೆ, ಪ್ರೊಜೆಕ್ಟರಿನ ಲೆನ್ಸು ಅದನ್ನು ಮರಳಿ ಹಿಗ್ಗಿಸುತ್ತದೆ. ಪರದೆ ಅಷ್ಟು ಹಿಗ್ಗಿದರೂ ಕೊಕ್ಕೆ ಎಳೆಯುವುದು ಅದೇ ನಾಲ್ಕು ರಂಧ್ರ.

‘ಮರಳಿ ಕತ್ತಲಮನೆ’ ಎಂದರೆ ಅದೇ ಮ್ಯಾಗಜೀನಿನ ಸುತ್ತಿಕೊಳ್ಳುವ ಬದಿ. ಆಗ ಫಿಲಮ್ಮಿನಲ್ಲಿರುವುದು ಅವ್ಯಕ್ತಬಿಂಬ, ಅಂದರೆ ಇದ್ದೂ ಕಾಣದ ರೂಪ. ಅದು ವ್ಯಕ್ತವಾಗಲು ಲ್ಯಾಬಿನ ರಸಾಯನ ಬೇಕು. ಕನ್ನಡ ಚಿತ್ರಗಳ ಡಬ್ಬಿಗಳು ಬಹುಕಾಲ ಅದಕ್ಕಾಗಿ ಮದರಾಸಿಗೆ ಹೋಗಬೇಕಿತ್ತು. ಅಲ್ಲಿಂದ ರಷಸ್, ಅಂದರೆ ತೊಳೆದ ಫಿಲಮ್ಮಿನ ಮೊದಲ ಪ್ರತಿ, ಬರುವ ತನಕ ಕಾಯಲಾಗದ ಸಂಗತಿಯೊಂದುಂಟು. ಆದಕಾರಣ ಶಾಟ್ ಮುಗಿದೊಡನೆ ಸಹಾಯಕನು ಗೇಟನ್ನು ಪರೀಕ್ಷಿಸುತ್ತಾನೆ. ಅಂಚಿಗೆ ಫಿಲಮ್ಮಿನ ಸಣ್ಣ ಸಿಬಿರು ಅಂಟಿದ್ದರೆ ತೆರೆಯ ಮೇಲೆ ಅದು ತೊಲೆಯಷ್ಟು ಕಂಡೀತು. ನಟರು ವೇಷ ಕಳಚುವ ಮೊದಲೇ ಅದನ್ನು ತಿಳಿಸಿ, ಶಾಟನ್ನು ಮತ್ತೆ ತೆಗೆಸಬೇಕು.